ಅಧಿಕಾರಿಗಳ ವರ್ಗಾವಣೆಯೂ ಕಿಂಡಿ ಅಣೆಕಟ್ಟಿನ ಹಲಗೆಗಳೂ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಹೊಳೆಯಂಚಿನ ಗದ್ದೆಗಳಲ್ಲಿ ಸುಗ್ಗಿ ಬೆಳೆಯ ಅಳಿವು ಉಳಿವು ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುವ ದಿನವನ್ನು ಹೊಂದಿಕೊಂಡಿರುವುದು. ಮಳೆಯು ಹಿಂದೆಗೆದ ಮೇಲೆ ಹೊತ್ತಿಗೆ ಸರಿಯಾಗಿ ಹಲಗೆ ಇಳಿಸಿದರೆ ಸಿಹಿನೀರು ಮೇಲ್ಗಡೆ ನಿಲ್ಲುವುದು. ತಡವಾದರೆ ಅದು ಕಡಲಿಗೆ ಹರಿದುಹೋಗಿ, ಉಬ್ಬರದ ಉಪ್ಪುನೀರು ಮೇಲೇರಿ ಗದ್ದೆ, ಬಾವಿಗಳೆರಡನ್ನೂ ಕೆಡಿಸುವುದು.

ಈ ಕಾರ್ಯದ ಮೇಲ್ವಿಚಾರಣೆಯು ಇಲಾಖೆಯ ಮೇಲಧಿಕಾರಿಗಳದು. ಹೊಸದಾಗಿ ಬಂದವರು ಎಷ್ಟೇ ಸಮರ್ಥರಾಗಿರಲಿ, ಉಪ್ಪು ಎಲ್ಲಿಯವರೆಗೆ ಏರುವುದು, ಯಾವ ಕಿಂಡಿಯ ಹಲಗೆ ಕೊಳೆತಿದೆ ಎಂಬುದನ್ನರಿಯಲು ಒಂದು ಮಳೆಗಾಲವೂ ಒಂದು ಬೇಸಗೆಯೂ ಬೇಕು. ಅಷ್ಟರಲ್ಲಿ ವರ್ಗವಾದರೆ ಆ ತಿಳಿವಳಿಕೆಯೂ ಅವರೊಡನೆ ಹೊರಟುಹೋಗುವುದು.

ಹಿಂದೆ ಮೇಲಧಿಕಾರಿಗಳು ಬದಲಾದರೂ ವಂಶಪಾರಂಪರ್ಯದ ಪಟೇಲರೂ ಶಾನುಭೋಗರೂ ಊರಲ್ಲೇ ಇರುತ್ತಿದ್ದರು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಿಂದ ಆ ಪದ್ಧತಿಯು ಕೊನೆಗೊಂಡಿತು. ಅದರ ದೋಷಗಳನ್ನು ನೆನೆದರೆ ವ್ಯಥೆಪಡಬೇಕಾದುದಿಲ್ಲ. ಆದರೆ ಊರಿನ ನೆನಪನ್ನು ಕಾಯುವವರಾರೆಂಬ ಪ್ರಶ್ನೆಯು ಉಳಿದಿದೆ.

1799ರಲ್ಲಿ ಕೆನರಾದ ಕಲೆಕ್ಟರರಾಗಿ ಬಂದ ತಾಮಸ್ ಮನ್ರೋರವರು 1800ರಲ್ಲಿಯೇ ಇಲ್ಲಿಂದ ತೆರಳಿದರು. ಆದರೂ ಭೂಮಿಯ ಒಡೆತನ, ಕಂದಾಯಗಳ ವಿಷಯವನ್ನು ಸವಿಸ್ತಾರವಾಗಿ ಬರೆದಿಟ್ಟುದರಿಂದ ಅವರ ಕೆಲಸವು ಅವರೊಡನೆ ಹೋಗಲಿಲ್ಲ.

ಅಧಿಕಾರಿಗಳಿಗೆ ಗೊತ್ತಾದ ಅವಧಿ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪಿತ್ತಿತು. 2014ರಲ್ಲಿ ಭಾರತೀಯ ಆಡಳಿತ ಸೇವೆಯವರಿಗೆ ಕನಿಷ್ಠ ಎರಡು ವರ್ಷವೆಂಬ ನಿಯಮವೂ ಆಯಿತು. ಅವಧಿಗೆ ಮುಂಚೆ ವರ್ಗ ಮಾಡುವ ದಾರಿಯೂ ಅದೇ ನಿಯಮದಲ್ಲುಂಟು. ಬೈಂದೂರು, ಬ್ರಹ್ಮಾವರಗಳು 2018ರಲ್ಲಿ ಪ್ರತ್ಯೇಕ ತಾಲೂಕುಗಳಾದುದರಿಂದ ರೈತರಿಗೆ ಕಚೇರಿಯು ಸಮೀಪವಾಯಿತೇ ಹೊರತು, ಕುರ್ಚಿಯಲ್ಲಿರುವವರು ನಿಲ್ಲುವರೆಂಬ ಭರವಸೆಯು ದೊರೆಯಲಿಲ್ಲ.

ತಪ್ಪೆಲ್ಲವೂ ಸರಕಾರದ್ದೆನ್ನುವುದು ನ್ಯಾಯವಲ್ಲ. ಒತ್ತುವರಿ ಅಳೆಯಲು ಹಗ್ಗ ಹಿಡಿದ ಅಧಿಕಾರಿಯನ್ನು ಬೇರೆಡೆಗೆ ಕಳುಹಿಸಲು ಊರ ಪ್ರಮುಖರೇ ಅರ್ಜಿ ಹಿಡಿದು ಓಡಾಡುವುದುಂಟು. ಹೀಗೆ ಕಳುಹಿಸಿದವರೇ ಮರುವರ್ಷ ಹಲಗೆ ಇಳಿಯಲಿಲ್ಲವೆಂದು ದೂರುವುದು ಸೋಜಿಗದ ಸಂಗತಿ.

ಆದಕಾರಣ ಗ್ರಾಮದ ಪ್ರಮುಖರೂ ಜಮೀನುದಾರರೂ ಪ್ರತಿ ಅಣೆಕಟ್ಟಿಗೂ ಒಂದು ಪುಸ್ತಕವನ್ನಿಡುವುದು ಉತ್ತಮ. ಹಲಗೆಗಳ ಸಂಖ್ಯೆ, ಅಳತೆ, ಅವನ್ನಿರಿಸಿದ ಜಾಗ, ಇಳಿಸಿದ ಮತ್ತು ಮಳೆಗೆ ಮುನ್ನ ತೆಗೆದ ತಾರೀಕು, ಉಪ್ಪುನೀರು ಮುಟ್ಟಿದ ಕಡೆಯ ಗದ್ದೆಯ ಸರ್ವೆ ನಂಬರು, ಅಧಿಕಾರಿಗಳು ಒಪ್ಪಿದ ದುರಸ್ತಿ, ಇವಿಷ್ಟನ್ನು ಅದರಲ್ಲಿ ಬರೆದಿಡತಕ್ಕದ್ದು. ಹೊಸ ಅಧಿಕಾರಿಗಳ ಮೊದಲ ಭೇಟಿಯಲ್ಲಿಯೇ ಪುಸ್ತಕವನ್ನು ಮುಂದಿಟ್ಟು ರುಜು ಪಡೆಯಬೇಕು. ಪ್ರತಿಗಳು ಎರಡಿರಲಿ: ಒಂದು ಗ್ರಾಮ ಪಂಚಾಯತಿಯಲ್ಲಿ, ಇನ್ನೊಂದು ಅಣೆಕಟ್ಟಿನ ಸಮೀಪದ ರೈತರ ಮನೆಯಲ್ಲಿ.