ದಿನಕ್ಕೊಂದು ಪುಟ್ಟ ಪುಳಕ: ಮನಸ್ಸಿಗೂ ಮಿದುಳಿಗೂ ಟಾನಿಕ್



"ಏನು ಸಮಾಚಾರ?" ಎಂದು ಕೇಳಿದರೆ "ಏನಿದೆ, ಅದೇ ರಾಗ, ಅದೇ ಹಾಡು" ಎನ್ನುವವರು ನಿಮ್ಮ ಮನೆಯಲ್ಲಿ ಇದ್ದಾರೆಯೇ? ಅದು ನೀವೇ ಇರಬಹುದು. ಹಾಗಿದ್ದರೆ ಇಂದಿನ ಲೇಖನ ನಿಮಗಾಗಿ.

ಪುಳಕ ಎಂದರೆ ಬೆಟ್ಟದಿಂದ ಹಾರುವುದು, ಬೈಕಿನಲ್ಲಿ ನೂರರ ವೇಗ ದಾಟುವುದು ಎಂದೇ ಹಲವರ ಎಣಿಕೆ. ಆದರೆ ಅದು ನಾಲ್ಕು ಗೋಡೆಗಳ ನಡುವೆಯೂ ಸಿಗುತ್ತದೆ. ಪುಣೆಯ ಯೆರವಡಾ ಜೈಲೇ ಇದಕ್ಕೆ ಸಾಕ್ಷಿ.

1932ರಲ್ಲಿ ಗಾಂಧೀಜಿ, ಸರ್ದಾರ್ ಪಟೇಲ್ ಮತ್ತು ಮಹಾದೇವ ದೇಸಾಯಿ ಅಲ್ಲಿ ಒಟ್ಟಿಗೆ ಸೆರೆಯಲ್ಲಿದ್ದರು. ದಿನವೂ ಅದೇ ಅಂಗಳ, ಅದೇ ಗೋಡೆ. ಆಗ 62 ವರ್ಷದ ಗಾಂಧೀಜಿ ನಕ್ಷತ್ರಗಳನ್ನು ಗುರುತಿಸುವ ಹುಚ್ಚು ಹಚ್ಚಿಕೊಂಡರು. ಖಗೋಳದ ಪುಸ್ತಕಗಳನ್ನು ಓದಿದರು. 56 ವರ್ಷದ ಪಟೇಲರು ಸಂಸ್ಕೃತ ಕಲಿಯಲು ಕುಳಿತರು, ರದ್ದಿ ಕಾಗದದಿಂದ ಲಕೋಟೆ ಮಾಡಿದರು. ಬಾಗಿಲಿಗೆ ಬೀಗವಿದ್ದರೂ ಕುತೂಹಲಕ್ಕೆ ಬೀಗ ಬೀಳಲಿಲ್ಲ.

*ದೇಹದೊಳಗೆ ಆಗುವುದೇನು?*
ಹೊಸದು, ನಿರೀಕ್ಷಿಸದೇ ಇದ್ದದ್ದು ಎದುರಾದಾಗ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಅದು ಹುರುಪು ಕೊಡುತ್ತದೆ, ಕಲಿತದ್ದು ನೆನಪಿನಲ್ಲಿ ಉಳಿಯಲು ನೆರವಾಗುತ್ತದೆ. ತುಸು ಅಳುಕೂ ಇದ್ದರೆ ಅಡ್ರಿನಾಲಿನ್ ಸೇರಿ ಎದೆಬಡಿತ ಏರುತ್ತದೆ, ಕೆಲಸ ಮುಗಿದ ಮೇಲೆ "ಅಬ್ಬಾ, ಮಾಡಿಬಿಟ್ಟೆ!" ಎಂಬ ಖುಷಿ. ಒಂದೇ ವಿಷಯ ದಿನವೂ ಆದರೆ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ಆದ್ದರಿಂದ ದೊಡ್ಡದು ಬೇಡ, ಹೊಸದು ಬೇಕು.

*ಹೀಗೆ ಮಾಡಿ ನೋಡಿ*
1. ವಾಕಿಂಗಿಗೆ ವಾರಕ್ಕೊಮ್ಮೆ ಬೇರೆ ದಾರಿ ಹಿಡಿಯಿರಿ. ಮಕ್ಕಳ ಜೊತೆ ಯೆರವಡಾ ಕಡೆ ನೆಲೆಸಿರುವ ಕನ್ನಡಿಗರು ಚಳಿಗಾಲದ ಬೆಳಿಗ್ಗೆ ಮುಳಾ-ಮುಠಾ ನದಿಯ ಕಡೆ ಹೋಗಿ, ಎಷ್ಟು ಬಗೆಯ ಹಕ್ಕಿ ಕಂಡವು ಎಂದು ಎಣಿಸಿ.
2. ಇದುವರೆಗೆ ಮಾಡದ ಒಂದು ಅಡುಗೆ ಮಾಡಿ. ಕೆಟ್ಟರೂ ನಗಲು ಒಂದು ಕಥೆ ಸಿಕ್ಕಿತು.
3. ತರಕಾರಿಯವರ ಬಳಿ ಅವರ ಭಾಷೆಯಲ್ಲೇ ನಾಲ್ಕು ಮಾತಾಡಿ. ತಪ್ಪಾಗಲಿ, ಪರವಾಗಿಲ್ಲ.
4. ನಾಚಿಕೆಯಿಂದ ಬಿಟ್ಟದ್ದನ್ನು ಮತ್ತೆ ಹಿಡಿಯಿರಿ: ನಾಲ್ಕು ಜನರೆದುರು ಹಾಡುವುದು, ಮೊಮ್ಮಗಳ ಜೊತೆ ಉಯ್ಯಾಲೆ ಆಡುವುದು.

*ಎಚ್ಚರಿಕೆ*
ಆನ್‌ಲೈನ್ ಜೂಜು ಕೂಡ ಇದೇ ಡೋಪಮೈನನ್ನು ಕೆಣಕುತ್ತದೆ. ಯಾವಾಗ ಗೆಲ್ಲುತ್ತೇವೋ ತಿಳಿಯದಿರುವುದೇ ಅದರ ಗಾಳ. ಅತಿವೇಗ, ಬಂಡೆಯ ಅಂಚಿನ ಸೆಲ್ಫಿಗಳೂ ಹಾಗೆಯೇ: ಪುಳಕ ಕ್ಷಣದ್ದು, ನಷ್ಟ ಜೀವಮಾನದ್ದು. ಹೃದಯದ ತೊಂದರೆ, ಹೆಚ್ಚಿನ ಬಿಪಿ ಇರುವವರು ಮತ್ತು ಗರ್ಭಿಣಿಯರು ರೋಲರ್ ಕೋಸ್ಟರ್‌ನಂಥ ಆಟಗಳಿಂದ ದೂರವಿರಿ.

ಇನ್ನೊಂದು ಮಾತು. ಎರಡು ವಾರವಾದರೂ ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ ಅದು ಬರೀ ಬೇಸರವಲ್ಲ, ಖಿನ್ನತೆ ಇರಬಹುದು. "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂಬ ಉಪದೇಶ ಅದಕ್ಕೆ ಮದ್ದಲ್ಲ. ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತಾಡಬಹುದು.

ಇಂದು ರಾತ್ರಿ ಊಟವಾದ ಮೇಲೆ ತಾರಸಿಗೆ ಹೋಗಿ, ಒಂದೇ ಒಂದು ನಕ್ಷತ್ರದ ಹೆಸರು ಕಲಿಯಿರಿ. ಈ ಸಂದೇಶವನ್ನು ಮನೆಯ ಹಿರಿಯರಿಗೆ ಕಳುಹಿಸಿ ಸುಮ್ಮನಾಗಬೇಡಿ. ಕೈಹಿಡಿದು ಅವರನ್ನೂ ಕರೆದುಕೊಂಡು ಹೋಗಿ.

ಆರೋಗ್ಯವಾಗಿರಿ, ಕುತೂಹಲದಿಂದಿರಿ.