ಯಲಬುರ್ಗಾಕ್ಕೆ ಬಂದ ಹೆರಾಲ್ಡ್: ಓಡಿಸಲು ಕಲಿಯಬೇಕು, ಉಳಿಸಲೂ ಕಲಿಯಬೇಕು

ಕಿಸೆಯಲ್ಲಿ ಲೈಸೆನ್ಸ್ ಇದ್ದರೂ ಹಳೆ ಕಾರು ಕೊಂಡವರು ಇನ್ನೊಮ್ಮೆ ಡ್ರೈವಿಂಗ್ ಕಲಿಯಬೇಕಾಗುತ್ತದೆ. ಸ್ವಿಫ್ಟ್, ಇನ್ನೋವಾ ಓಡಿಸಿ ಪಳಗಿದ ಕೈಕಾಲಿಗೆ ಅರವತ್ತರ ದಶಕದ ಕಾರು ಬೇರೆಯೇ ಪಾಠ ಹೇಳುತ್ತದೆ. ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಂದು ಕೊಪ್ಪಳ ಜಿಲ್ಲೆಯ ಯಲಬುರ್ಗಾದಲ್ಲಿ ಅಂಗಡಿ ಇಟ್ಟುಕೊಂಡಿರುವ ನಮ್ಮ ಮನೆಗೆ ಈಚೆಗೆ ಅಂಥದೊಂದು ಕಾರು ಬಂದಿದೆ. ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಊರಿನ ಶೆಡ್ಡೊಂದರಲ್ಲಿ ತೆಂಗಿನ ಮಡಲಿನಡಿ ಬಿದ್ದಿದ್ದದ್ದು, ಲಾರಿ ಹತ್ತಿ ಘಟ್ಟ ದಾಟಿ ಬಂತು.

ತಂದದ್ದೇ ತಡ, ಮನೆಯಲ್ಲಿ ಎರಡು ಪಕ್ಷ ಆಯಿತು. ಹಳೆ ಇಂಜಿನ್ ತೆಗೆದು ಹೊಸ ಕಾರಿನ ಇಂಜಿನ್ ಕೂರಿಸುವ, ದಿನಾ ಓಡಿಸಬಹುದು ಎಂದು ದೊಡ್ಡ ಇಚ್ಚ. ಅದರ ಒಳಗಿರುವುದನ್ನು ತೆಗೆದ ಮೇಲೆ ಅದು ಹೆರಾಲ್ಡ್ ಹೇಗಾಗುತ್ತದೆ ಎಂದು ನಾವು ಉಳಿದವರು. ಈ ಜಗಳ ತೀರಬೇಕಾದರೆ ಮೊದಲು ಕಾರನ್ನು ಅರಿಯಬೇಕಾಯಿತು. ನಮ್ಮ ಸಮುದಾಯದ ಎಷ್ಟೋ ಮನೆಗಳ ಅಂಗಳದಲ್ಲಿ, ಹಳೆ ಗೋದಾಮಿನಲ್ಲಿ ಅಜ್ಜನ ಕಾಲದ ಗಾಡಿಗಳು ಇನ್ನೂ ಉಂಟು. ಅಂಥವರಿಗೆ ಉಪಯೋಗವಾದೀತೆಂದು ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸ್ಪೋರ್ಟ್ಸ್ ಕಾರಿನ ಒಡಹುಟ್ಟು

ಯಲಬುರ್ಗಾದ ಹುಡುಗರು ಇದನ್ನು 'ಸ್ಪೋರ್ಟ್ಸ್ ಕಾರ್' ಎಂದೇ ಕರೆಯುತ್ತಾರೆ. ಅದರಲ್ಲಿ ಅರ್ಧ ಸತ್ಯ ಇದೆ. ಇಂಗ್ಲೆಂಡಿನ ಕೊವೆಂಟ್ರಿಯ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪೆನಿ 1959ರಲ್ಲಿ ಟ್ರಯಂಫ್ ಹೆರಾಲ್ಡನ್ನು ಹೊರತಂದಿತು. ಗೆರೆ ಎಳೆದವರು ಇಟಲಿಯ ವಿನ್ಯಾಸಕಾರ ಜಿಯೊವಾನಿ ಮಿಕೆಲೊಟ್ಟಿ. ಮೂರು ವರ್ಷ ಕಳೆದು, 1962ರಲ್ಲಿ, ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ ಅದರ ಮೇಲೆ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರನ್ನು ಕಟ್ಟಿದರು. ಅದೇ ಟ್ರಯಂಫ್ ಸ್ಪಿಟ್‌ಫೈರ್. 1965ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಓಟದಲ್ಲಿ ಅದು ತನ್ನ ವರ್ಗದಲ್ಲಿ ಗೆದ್ದಿತು. ಹಾಗಾಗಿ ಹೆರಾಲ್ಡ್ ಸ್ಪೋರ್ಟ್ಸ್ ಕಾರಿನ ಒಡಹುಟ್ಟು ಎಂದರೆ ತಪ್ಪಿಲ್ಲ.

ನಮ್ಮ ದೇಶದಲ್ಲಿ ಇದನ್ನು ತಯಾರಿಸಿದ್ದು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ. 1961ರಿಂದ 948 ಸಿಸಿ ಇಂಜಿನ್ನಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇಲ್ಲಿನ ರಸ್ತೆಗಿಳಿಯಿತು. ಆಗ ಅಂಬಾಸಿಡರ್, ಫಿಯೆಟ್ ಮತ್ತು ಹೆರಾಲ್ಡ್ ಎಂಬ ಮೂರೇ ಹೆಸರು ಜನರ ಬಾಯಲ್ಲಿ. ಅರವತ್ತರ ದಶಕದ ಕೊನೆಗೆ ನಾಲ್ಕು ಬಾಗಿಲಿನ ಮಾರ್ಕ್ 3 ಬಂತು, ಎಪ್ಪತ್ತರ ದಶಕದಲ್ಲಿ ಗಝೆಲ್ ಎಂಬ ಹೆಸರಿನ ಹೊಸ ರೂಪ ಬಂತು, ಆಮೇಲೆ ನಿಂತಿತು. ಮದ್ರಾಸಿನ ಹತ್ತಿರದ ಶೋಳಾವರಂನ ಹಳೆ ವಿಮಾನ ಪಟ್ಟಿಯಲ್ಲಿ ನಡೆಯುತ್ತಿದ್ದ ಕಾರ್ ರೇಸುಗಳಲ್ಲಿ ಹೆರಾಲ್ಡುಗಳೂ ಓಡಿದ್ದುಂಟು.

ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣ ಮುಂದೆ

ಹೆರಾಲ್ಡಿನ ದೊಡ್ಡ ಗುಣ ಅದರ ಬಾನೆಟ್. ಮಡ್‌ಗಾರ್ಡ್, ಹೆಡ್‌ಲೈಟ್ ಸಮೇತ ಇಡೀ ಮುಂಭಾಗ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಟಯರಿನ ಮೇಲೆ ಆರಾಮಾಗಿ ಕುಳಿತು ಕೆಲಸ ಮಾಡಬಹುದು. ಟ್ರ್ಯಾಕ್ಟರ್, ಲಾರಿ ರಿಪೇರಿ ಮಾಡುತ್ತಾ ತಲೆ ನರೆತ ಇಲ್ಲಿನ ಮಿಸ್ತ್ರಿಯೊಬ್ಬರು ಮೊದಲ ದಿನವೇ ನೋಡಿ ನಕ್ಕರು. "ಸಾಹೇಬ್ರ, ಇದರಾಗ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪೆಟ್ರೋಲ್ ಬರಬೇಕು, ಕಿಡಿ ಬರಬೇಕು, ಅಷ್ಟ. ಕೆಟ್ಟದ್ದು ಕಣ್ಣಿಗೆ ಕಾಣತೈತಿ."

ಆ ಮಾತೇ ನಮಗೆ ಮೊದಲ ಪಾಠವಾಯಿತು. ಗಾಡಿ ಸ್ಟಾರ್ಟ್ ಆಗದಿದ್ದರೆ ಎರಡು ಪ್ರಶ್ನೆ ಕೇಳಿದರೆ ಸಾಕು. ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುತ್ತಿದೆಯಾ? ಪ್ಲಗ್ಗಿನಲ್ಲಿ ಕಿಡಿ ಹಾರುತ್ತಿದೆಯಾ? ಡಿಸ್ಟ್ರಿಬ್ಯೂಟರಿನ ಒಳಗಿನ ಪಾಯಿಂಟಿನ ಸಂದು 0.4 ಮಿಲಿಮೀಟರ್, ಸ್ಪಾರ್ಕ್ ಪ್ಲಗ್ಗಿನ ಸಂದು 0.6 ಮಿಲಿಮೀಟರ್ ಸುಮಾರಿಗೆ ಇರಬೇಕು. ಇದಕ್ಕೆ ಬೇಕಾದ ಫೀಲರ್ ಗೇಜು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಒಂದು ಪಾಯಿಂಟ್, ಒಂದು ಕಂಡೆನ್ಸರ್, ಒಂದು ಫ್ಯಾನ್ ಬೆಲ್ಟ್ ಡಿಕ್ಕಿಯಲ್ಲಿ ಯಾವಾಗಲೂ ಇರಲಿ.

ಇನ್ನೊಂದು ವಿಷಯ. ಹಳೆ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಬದಲು ಪ್ಲಸ್ ತುದಿಯನ್ನು ಬಾಡಿಗೆ ಅರ್ತ್ ಮಾಡಿರುವುದುಂಟು. ಬ್ಯಾಟರಿ ಬದಲಿಸುವ ಮುನ್ನ, ಮೊಬೈಲ್ ಚಾರ್ಜರ್ ಕೂರಿಸುವ ಮುನ್ನ ಇದನ್ನು ನೋಡಿಕೊಳ್ಳದಿದ್ದರೆ ವೈರಿಂಗ್ ಸುಟ್ಟೀತು.

ಕೈಕಾಲಿಗೆ ಹೊಸ ಅಭ್ಯಾಸ

ತಣ್ಣಗಿರುವ ಇಂಜಿನ್ನಿಗೆ ಚೋಕ್ ಎಳೆಯಬೇಕು, ಬಿಸಿಯಾಗುತ್ತಾ ಬಂದಂತೆ ಸ್ವಲ್ಪ ಸ್ವಲ್ಪ ಒಳಗೆ ತಳ್ಳಬೇಕು. ಚೋಕ್ ಹಾಗೇ ಬಿಟ್ಟರೆ ಕಪ್ಪು ಹೊಗೆ, ಪೆಟ್ರೋಲ್ ದಂಡ. ಆಯಿಲ್ ಲೈಟ್ ಆರಿದ ಮೇಲಷ್ಟೇ ಹೊರಡುವುದು.

ಗೇರ್ ನಾಲ್ಕು. ಮೊದಲ ಗೇರಿಗೆ ಸಿಂಕ್ರೊಮೆಶ್ ಇಲ್ಲ. ಅಂದರೆ ಗಾಡಿ ಪೂರ್ತಿ ನಿಂತ ಮೇಲೆಯೇ ಒಂದನೇ ಗೇರ್. ಓಡುತ್ತಿರುವಾಗ ಹಾಕಲೇಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು ಒಂದಿಷ್ಟು ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ಹಳೆ ಲಾರಿ ಡ್ರೈವರುಗಳಿಗೆ ಇದು ನೀರು ಕುಡಿದಷ್ಟು ಸಲೀಸು. ನಮ್ಮ ಸೋದರಳಿಯನಿಗೆ ಯಲಬುರ್ಗಾದ ಹೊರಗಿನ ಖಾಲಿ ರಸ್ತೆಯಲ್ಲಿ ವಾರಗಟ್ಟಲೆ ಬೆಳಗಿನ ಅಭ್ಯಾಸ ಬೇಕಾಯಿತು.

ಬ್ರೇಕಿನ ವಿಷಯದಲ್ಲಿ ತಮಾಷೆ ಬೇಡ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಬ್ರೇಕ್ ಆಯಿಲಿನ ಸಾಲು ಒಂದೇ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಆದ್ದರಿಂದ ರಬ್ಬರ್ ಹೋಸ್, ವೀಲ್ ಸಿಲಿಂಡರ್ ಹೊಸದಾಗುವ ತನಕ ಮಕ್ಕಳನ್ನು ಕೂರಿಸಬಾರದು ಎಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿದೆವು. ಬ್ರೇಕ್ ಆಯಿಲ್ ಗಾಳಿಯ ಪಸೆ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಮುಂದಿನ ಗಾಡಿಗೂ ನಮಗೂ ನಡುವೆ ಹೊಸ ಕಾರಿನಲ್ಲಿ ಬಿಡುವುದರ ಎರಡು ಪಟ್ಟು ಜಾಗ ಬಿಡುತ್ತೇವೆ.

ಹೆರಾಲ್ಡಿನ ಹಿಂದಿನ ಚಕ್ರಗಳು ಸ್ವಿಂಗ್ ಆಕ್ಸಲಿನವು. ತಿರುವಿನಲ್ಲಿ ಜೋರಾಗಿ ನುಗ್ಗಿ, ಅರ್ಧದಲ್ಲಿ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ಮೇಲೆದ್ದು ಹೊರಗಿನ ಚಕ್ರ ಒಳಕ್ಕೆ ಮಡಿಚಿಕೊಂಡು ಜಾರುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸುವುದು, ತಿರುವಿನಲ್ಲಿ ಕಾಲು ಸ್ಥಿರವಾಗಿ ಇಡುವುದು. ಯಲಬುರ್ಗಾ-ಕುಷ್ಟಗಿಯ ನೇರ ರಸ್ತೆಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಚಾರ್ಮಾಡಿ, ಶಿರಾಡಿ ಘಾಟಿಯಲ್ಲಿ ಮರೆತರೆ ಜೀವಕ್ಕೇ ಅಪಾಯ. ಅದೇ ಕಾರು ಸ್ಟೇರಿಂಗ್ ತಿರುಗಿಸುವುದರಲ್ಲಿ ಮಾತ್ರ ಎಲ್ಲರನ್ನೂ ಮೀರಿಸುತ್ತದೆ. ಸುಮಾರು 25 ಅಡಿ ವ್ಯಾಸದೊಳಗೆ ಪೂರ್ತಿ ಸುತ್ತು ಹಾಕುತ್ತದೆ, ಪೇಟೆಯ ಬೀದಿಯಲ್ಲಿ ಆಟೋದವರೇ ನಿಂತು ನೋಡುತ್ತಾರೆ.

ಅಲ್ಲಿ ತುಕ್ಕು, ಇಲ್ಲಿ ಬಿಸಿಲು

ಕರಾವಳಿಯಲ್ಲಿ ಹಳೆ ಕಾರನ್ನು ತಿನ್ನುವುದು ಉಪ್ಪುಗಾಳಿ ಮತ್ತು ಮಳೆ. ಹೆರಾಲ್ಡಿನ ಬಾಡಿ ಚಾಸಿಯ ಮೇಲೆ ಬೋಲ್ಟಿನಿಂದ ಕೂತಿದೆ. ಹೊರಗೆ ಪೇಂಟ್ ಹೊಳೆಯುತ್ತಿದ್ದರೂ ಒಳಗೆ ಚಾಸಿ ಹಪ್ಪಳ ಆಗಿರಬಹುದು. ಕೊಳ್ಳುವವರು ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಾ ರೇಟು ಮಾತಾಡುವ ಮುನ್ನ ಗಾಡಿಯ ಅಡಿಗೆ ನುಗ್ಗಿ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಬೇಕು.

ಯಲಬುರ್ಗಾದ ಕಷ್ಟ ಬೇರೆ. ತುಕ್ಕು ಕಡಿಮೆ. ಆದರೆ ಬಿಸಿಲಿಗೆ ರಬ್ಬರ್ ಬೀಡಿಂಗ್, ಹೋಸ್ ಪೈಪ್, ಟಯರ್ ಸೀಳುತ್ತವೆ. ಎರೆಮಣ್ಣಿನ ಧೂಳು ಏರ್ ಫಿಲ್ಟರಿನಲ್ಲಿ ಗಟ್ಟಿಕಟ್ಟುತ್ತದೆ. ಬೋರ್‌ವೆಲ್ಲಿನ ಗಡಸು ನೀರು ರೇಡಿಯೇಟರಿಗೆ ಹಾಕಿದರೆ ಕೆಲವೇ ತಿಂಗಳಲ್ಲಿ ಒಳಗೆ ಸುಣ್ಣ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಹಾಕುವುದೇ ಸರಿ. ಏಪ್ರಿಲ್-ಮೇ ಮಧ್ಯಾಹ್ನ ಪೆಟ್ರೋಲ್ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುತ್ತದೆ. ಹೆದರುವುದು ಬೇಡ. ಇಂಜಿನ್ ಆಫ್ ಮಾಡಿ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹದಿನೈದು ನಿಮಿಷ ಕಾದರೆ ಮತ್ತೆ ಸ್ಟಾರ್ಟ್.

ಪೆಟ್ರೋಲ್ ಕೂಡಾ ಈಗ ಹಳೆಯದ್ದಲ್ಲ. ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲಿ 2000ನೇ ಇಸವಿಯ ಫೆಬ್ರವರಿಯಲ್ಲಿ ನಿಂತಿತು. ಸೀಸ ಹಳೆ ಇಂಜಿನ್ನಿನ ವಾಲ್ವ್ ಸೀಟನ್ನು ಕಾಯುತ್ತಿತ್ತು. ಆದ್ದರಿಂದ ತುಂಬಾ ಹೊತ್ತು ಜೋರಾಗಿ ಓಡಿಸಬಾರದು, ಟ್ಯಾಪೆಟ್ ಸಂದು ಆಗಾಗ ನೋಡುತ್ತಿರಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಇ-20. ಎಥನಾಲ್ ಹಳೆ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ನೀರನ್ನೂ ಹೀರುತ್ತದೆ. ಪೆಟ್ರೋಲ್ ಹೋಸ್, ಪಂಪಿನ ಡಯಾಫ್ರಾಂ ಎರಡನ್ನೂ ಎಥನಾಲ್ ತಡೆಯುವ ರಬ್ಬರಿಗೆ ಬದಲಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿಡಬೇಕು. ಹಳೆ ಹೋಸ್ ಬಿಸಿ ಇಂಜಿನ್ನಿನ ಮೇಲೆ ಸೋರಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಗಾಡಿಯಲ್ಲಿ ಸಣ್ಣದೊಂದು ಅಗ್ನಿಶಾಮಕ ಸಿಲಿಂಡರ್ ಇರಲೇಬೇಕು.

ಗ್ರೀಸ್ ಅಲ್ಲ, ಆಯಿಲ್

ಹೆರಾಲ್ಡ್ ಇಟ್ಟುಕೊಂಡವರು ಇದೊಂದನ್ನು ಮರೆಯಬಾರದು. ಮುಂದಿನ ಚಕ್ರದ ಕೆಳಗೆ ಟ್ರುನಿಯನ್ ಎಂಬ ಹಿತ್ತಾಳೆಯಂಥ ಬಿಡಿಭಾಗ ಉಂಟು. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹಿಡಿದ ಕಬ್ಬಿಣದ ಕಂಬ ಇದರ ಮರೆಯಲ್ಲಿ ಸ್ಕ್ರೂವಿನ ಹಾಗೆ ತಿರುಗುತ್ತದೆ. ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಗನ್ ಹಿಡಿಯುವುದು ಗ್ಯಾರೇಜಿನ ರೂಢಿ. ಇಲ್ಲಿಗೆ ಗ್ರೀಸ್ ಸಲ್ಲದು, ಇಪಿ-90 ಗೇರ್ ಆಯಿಲ್ ಬೇಕು. ಗ್ರೀಸ್ ಒಣಗಿ ಗಟ್ಟಿಯಾದರೆ ಒಳಗೆ ನೀರು ಸೇರಿ ತುಕ್ಕು ಹಿಡಿದು ಒಂದು ದಿನ ಕಂಬವೇ ಮುರಿದು ಚಕ್ರ ಕಳಚಿಕೊಳ್ಳುತ್ತದೆ. ನಮ್ಮ ಮಿಸ್ತ್ರಿಗೂ ಇದು ಹೊಸದಾಗಿತ್ತು. ಕೇಳಿದ ಮೇಲೆ ಅವರೇ ಒಂದು ಹಳೆ ಗ್ರೀಸ್ ಗನ್ ತೊಳೆದು, ಆಯಿಲ್ ತುಂಬಿಸಿ, ಅದರ ಮೇಲೆ ಚಾಕ್‌ಪೀಸಿನಲ್ಲಿ 'ಹೆರಾಲ್ಡ್' ಎಂದು ಬರೆದಿಟ್ಟಿದ್ದಾರೆ.

ಕಾಗದದ ಕೆಲಸ: ತೀರ್ಮಾನ ಇಲ್ಲಿಯೇ

ಗಾಡಿ ಓಡಿದರೆ ಸಾಲದು, ಆರ್‌ಸಿ ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಅವಧಿ ಮುಗಿದ ಖಾಸಗಿ ಗಾಡಿಯ ನೋಂದಣಿ ನವೀಕರಣಕ್ಕೆ ಫಾರಂ 25, ಜೊತೆಗೆ ಗಾಡಿ ತಪಾಸಣೆ, ಹಸಿರು ತೆರಿಗೆ. ನವೀಕರಣ ಸಿಗುವುದು ಐದು ವರ್ಷಕ್ಕೆ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ.

ಇನ್ನೊಂದು ದಾರಿಯೂ ಉಂಟು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಕಾರು-ಬೈಕುಗಳಿಗೆ ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಸಿಗುತ್ತದೆ. ಶುಲ್ಕ 20 ಸಾವಿರ ರೂಪಾಯಿ, ಅವಧಿ ಹತ್ತು ವರ್ಷ, ಮರುನೋಂದಣಿಗೆ 5 ಸಾವಿರ. ಆದರೆ ಅಂಥ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು.

ಇಚ್ಚನ ಹೊಸ ಇಂಜಿನ್ ಯೋಜನೆ ನಿಂತದ್ದು ಇಲ್ಲಿ. ಆರ್‌ಸಿಯಲ್ಲಿ ಬರೆದಿರುವುದಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಚಾಸಿ, ಬಾಡಿ, ಇಂಜಿನ್ ಬದಲಾದರೆ ವಿಂಟೇಜ್ ದಾರಿಯೂ ಮುಚ್ಚುತ್ತದೆ. ಸ್ವಲ್ಪ ದುಡ್ಡು ಉಳಿಸಲು ಹೋಗಿ ಎರಡೂ ಬಾಗಿಲು ಹಾಕಿಕೊಂಡ ಹಾಗೆ. ಕಾನೂನು ಓದಿ ಹೇಳಿದ ಮೇಲೆ ಇಚ್ಚ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇರುವ ಇಂಜಿನ್ನನ್ನೇ ಸರಿ ಮಾಡಿಸುವ" ಎಂದರು.

ಉಳಿದದ್ದು ವಿಎ ಪ್ಲೇಟ್ ಬೇಕೋ, ಸಾಮಾನ್ಯ ನೋಂದಣಿ ಸಾಕೋ ಎಂಬುದು. ಉಮ್ಮನದ್ದು ಒಂದೇ ಮಾತು: "ನೋಡಲಿಕ್ಕೆ ಮಾತ್ರ ಆದರೆ ಫೋಟೋ ಸಾಲದಾ? ನನಗೆ ಅದರಲ್ಲಿ ಕೂತು ಮದುವೆಗೆ ಹೋಗಬೇಕು." ಮದುವೆಗೆ ಹೋಗುವುದು ವಿಂಟೇಜ್ ನಿಯಮದ ಪಟ್ಟಿಯಲ್ಲಿಲ್ಲ. ತಪಾಸಣೆಯಲ್ಲಿ ಪಾಸಾಗುವ ತನಕ ಸಾಮಾನ್ಯ ನೋಂದಣಿಯಲ್ಲೇ ಮುಂದುವರಿಯುವುದೆಂದು ತೀರ್ಮಾನ ಆಯಿತು. ಓಡಿಸದೆ ಬಿಟ್ಟ ಕಾರಿಗೆ ಓಡಿಸಿದ ಕಾರಿಗಿಂತ ಬೇಗ ವಯಸ್ಸಾಗುತ್ತದೆ ಎಂಬುದೂ ಅದಕ್ಕೊಂದು ಕಾರಣ. ಸೀಲುಗಳು ಒಣಗುತ್ತವೆ, ಬ್ರೇಕ್ ಜಾಮ್ ಆಗುತ್ತದೆ, ಟಯರ್ ಒಂದೇ ಕಡೆ ಚಪ್ಪಟೆಯಾಗುತ್ತದೆ.

ಹಳೆ ಕಾರುಗಳನ್ನು ಕಣ್ಣಾರೆ ನೋಡಬೇಕೆನ್ನುವವರು ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ, ಶ್ರೀರಂಗಪಟ್ಟಣದ ಹತ್ತಿರದ 'ಪಯಣ'ಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಮನೆಯಲ್ಲೇ ಒಂದು ಗಾಡಿ ಇದ್ದರೆ ಗುಜರಿಯವರು ಬಂದು ತೂಕಕ್ಕೆ ಕೇಳುವ ಮುನ್ನ ಮೂರು ಕೆಲಸ ಮಾಡಿ. ಆರ್‌ಸಿ ಹುಡುಕಿ, ಅದರಲ್ಲಿರುವ ಚಾಸಿ ಮತ್ತು ಇಂಜಿನ್ ನಂಬರ್ ಗಾಡಿಯ ಮೇಲಿರುವುದಕ್ಕೆ ಸರಿಹೊಂದುತ್ತದೆಯಾ ನೋಡಿ, ಮನೆಯ ಹಿರಿಯರನ್ನು ಕೂರಿಸಿಕೊಂಡು ಆ ಗಾಡಿ ಯಾವಾಗ ಬಂತು, ಯಾರು ಓಡಿಸುತ್ತಿದ್ದರು ಎಂದು ಕೇಳಿ ಬರೆದಿಡಿ. ಕಬ್ಬಿಣದ ಬಿಡಿಭಾಗ ಎಲ್ಲಾದರೂ ಸಿಕ್ಕೀತು. ಹಿರಿಯರ ನೆನಪಿನಲ್ಲಿರುವುದು ಅವರು ಇರುವಷ್ಟು ದಿನ ಮಾತ್ರ.