ಎದೆಯಿಂದ ಎದ್ದ ಸ್ವರ

ಪವರೊಟ್ಟಿಯ ಧ್ವನಿಮುದ್ರಿಕೆ ಕೇಳಿದವರಿಗೆ ಟೆನರ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಪೆರಾದಲ್ಲಿ ನಾಯಕನ ಪಾತ್ರ ಬಹುಮಟ್ಟಿಗೆ ಈ ಎತ್ತರದ ಗಂಡುದನಿಯ ಪಾಲು. ಹಾಡು ತುದಿಗೇರಿದಾಗ ಗಾಯಕ ತಾರದ ‘ಸಿ’ ಸ್ವರವನ್ನು ತುಂಬುಕಂಠದಲ್ಲಿ ಹಿಡಿಯುತ್ತಾನೆ, ಅದು ಆರ್ಕೆಸ್ಟ್ರಾವನ್ನು ಸೀಳಿಕೊಂಡು ಗ್ಯಾಲರಿಯ ಕೊನೆಯ ಸಾಲನ್ನೂ ಮುಟ್ಟುತ್ತದೆ, ಜನ ಎದ್ದು ನಿಂತು ಕೂಗುತ್ತಾರೆ. ಮೊದಲಿನಿಂದಲೂ ಹೀಗೇ ಇದ್ದಿರಬೇಕು ಅನ್ನಿಸುತ್ತದೆ. ಇರಲಿಲ್ಲ. ಇನ್ನೂರು ವರ್ಷಗಳ ಹಿಂದೆ ಅಷ್ಟೆತ್ತರಕ್ಕೆ ಬಂದಾಗ ಟೆನರ್‌ಗಳು ದನಿಯನ್ನು ಹಗುರ ಮಾಡಿ, ತಲೆಯಲ್ಲಿ ತೇಲಿಸಿ ಹಾಡುತ್ತಿದ್ದರು. ನಮ್ಮ ಸಂಗೀತದ ಮೇಷ್ಟ್ರು ಕೇಳಿದ್ದರೆ ಕಳ್ಳದನಿ ಎಂದು ಗದರುತ್ತಿದ್ದರೇನೋ. ಅಲ್ಲಿ ಅದೇ ನಾಜೂಕು, ಅದೇ ಸಂಸ್ಕಾರ.

ಈ ರೂಢಿ ಮುರಿದವನೆಂದು ಹೆಸರಾದವನು ಗಿಲ್ಬರ್ ದ್ಯುಪ್ರೆ. 1806ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ, ಅಲೆಕ್ಸಾಂಡ್ರ್ ಶೊರೋನ್‌ನ ಶಾಲೆಯಲ್ಲಿ ಕಲಿತ. 1825ರಲ್ಲಿ ಒಡೆಯೋನ್ ರಂಗಮಂದಿರದಲ್ಲಿ ಮೊದಲ ಬಾರಿ ರಂಗಕ್ಕೆ ಬಂದಾಗ ಊರೇನೂ ತಲೆದೂಗಲಿಲ್ಲ. ಆಳು ಕುಳ್ಳ, ದನಿ ಸಣ್ಣದು. ಇಟಲಿಗೆ ಹೋದ. ಅಲ್ಲಿನ ವರ್ಷಗಳಲ್ಲಿ ಆ ದನಿಗೆ ಮೈ ಬಂತು.

1831ರಲ್ಲಿ ಲುಕ್ಕಾ ಊರಿನಲ್ಲಿ ರೊಸ್ಸೀನಿಯ ‘ವಿಲಿಯಂ ಟೆಲ್’ ಇಟಾಲಿಯನ್‌ನಲ್ಲಿ ಮೊದಲ ಬಾರಿ ರಂಗವೇರಿತು. ಆರ್ನಾಲ್ಡ್‌ನ ಪಾತ್ರ ದ್ಯುಪ್ರೆಯದು. ಕೊನೆಯ ಅಂಕದಲ್ಲಿ ಆರ್ನಾಲ್ಡ್ ಸೇಡಿಗೆ ಜನರನ್ನು ಕರೆಯುತ್ತಾನೆ. ಕೆರಳಿದ ಮನುಷ್ಯ ನಾಜೂಕಾಗಿ ಕೂಗುವುದುಂಟೆ? ಆ ಆವೇಶಕ್ಕೆ ತಕ್ಕ ದನಿ ಹೊರಡಿಸಲು ಮೈಮನಸ್ಸಿನ ಬಲವನ್ನೆಲ್ಲ ಒಟ್ಟುಗೂಡಿಸಬೇಕಾಯಿತೆಂದು ಮುಂದೆ ಅವನೇ ನೆನಪುಗಳಲ್ಲಿ ಬರೆದುಕೊಂಡ. ಎದೆಯಿಂದೆದ್ದ ‘ಸಿ’ ಹೊರಬಿತ್ತು. ನಾಲ್ಕು ವರ್ಷದ ಮೇಲೆ ನೇಪಲ್ಸ್‌ನಲ್ಲಿ ದೊನಿಜೆಟ್ಟಿಯ ‘ಲುಚಿಯಾ’ದ ಮೊದಲ ಎಡ್ಗಾರ್ದೊ ಇವನೇ. ಪ್ಯಾರಿಸ್ ಒಪೆರಾ ಸುಮ್ಮನಿರಲಾದೀತೆ? ಕರೆ ಬಂತು.

ಆದರೆ ಅಲ್ಲಿ ಅದಾಗಲೇ ಒಬ್ಬ ರಾಜ ಕುಳಿತಿದ್ದ. ಅಡೋಲ್ಫ್ ನೂರಿ 1829ರಲ್ಲಿ ಇದೇ ಆರ್ನಾಲ್ಡ್‌ನ ಪಾತ್ರವನ್ನು ಲೋಕಕ್ಕೆ ಮೊದಲು ಹಾಡಿ ತೋರಿಸಿದವನು, ಓದಿಕೊಂಡವನು, ನಟನೆ ಬಲ್ಲವನು, ಹಳೆಯ ಹದದ ಗಾಯಕ. ದ್ಯುಪ್ರೆ ಸರಿಸಮನಾಗಿ ಬರುತ್ತಾನೆಂದು ತಿಳಿದದ್ದೇ ರಾಜೀನಾಮೆ ಕೊಟ್ಟ. 1837ರ ಏಪ್ರಿಲ್ 1ರಂದು ನೂರಿಯ ಬೀಳ್ಕೊಡುಗೆ, 17ರಂದು ದ್ಯುಪ್ರೆಯ ‘ಟೆಲ್’. ಪ್ಯಾರಿಸ್ ಹುಚ್ಚೆದ್ದಿತು. ರೊಸ್ಸೀನಿಗೆ ಮಾತ್ರ ಈ ಅಬ್ಬರ ಹಿಡಿಸಲಿಲ್ಲ. ಕತ್ತು ಕೊಯ್ಯುವಾಗ ಹುಂಜ ಅರಚಿದಂತಿದೆ ಎಂದು ಮೂಗು ಮುರಿದನೆಂಬ ಕತೆ ಇಂದಿಗೂ ಓಡಾಡುತ್ತದೆ.

ನೂರಿ ಇಟಲಿಗೆ ಹೋಗಿ ದೊನಿಜೆಟ್ಟಿಯ ಬಳಿ ಹೊಸ ಬಗೆಯ ಹಾಡಿಕೆ ಕಲಿಯಲು ಕುಳಿತ. ಮೂವತ್ತೈದು ದಾಟಿದ, ಹೆಸರು ಮಾಡಿದ ಕಲಾವಿದ ಮತ್ತೆ ಶಿಷ್ಯನಾಗುವುದು ಎಂದರೆ ಸಣ್ಣ ಮಾತಲ್ಲ. ಅವನಿಗಾಗಿಯೇ ಬರೆದ ‘ಪೊಲಿಯುತೊ’ ಒಪೆರಾವನ್ನು ನೇಪಲ್ಸ್‌ನ ರಾಜ ತಡೆದ. ಹೊಸದು ಪೂರ್ತಿ ಕೈಗೆ ಬರಲಿಲ್ಲ, ಹಳೆಯದು ಕೈಬಿಟ್ಟಿತ್ತು. 1839ರ ಮಾರ್ಚ್ 8ರಂದು ತಾನಿದ್ದ ಮನೆಯ ಮೇಲಂತಸ್ತಿನಿಂದ ಹಾರಿ ಪ್ರಾಣ ಬಿಟ್ಟ. ಶವ ಫ್ರಾನ್ಸಿಗೆ ಮರಳುವ ದಾರಿಯಲ್ಲಿ, ಮಾರ್ಸೇಯಲ್ಲಿ ನಡೆದ ಪ್ರಾರ್ಥನೆಗೆ ಆರ್ಗನ್ ನುಡಿಸಿದವನು ಶೋಪ್ಯಾನ್. ಮರುವರ್ಷ ಅದೇ ‘ಪೊಲಿಯುತೊ’ ಫ್ರೆಂಚ್ ರೂಪ ತಾಳಿ ಪ್ಯಾರಿಸ್‌ಗೆ ಬಂತು. ನಾಯಕ ದ್ಯುಪ್ರೆ! ಸಾವಿಗೆ ದ್ಯುಪ್ರೆಯನ್ನು ಹೊಣೆ ಮಾಡುವುದು ಅನ್ಯಾಯ, ನೂರಿ ಕಾಯಿಲೆ ಮತ್ತು ಖಿನ್ನತೆಯಿಂದಲೂ ನರಳುತ್ತಿದ್ದ. ಆದರೂ ಈ ಪಾತ್ರ ಕೈ ಬದಲಾಯಿಸಿದ್ದು ಮನಸ್ಸನ್ನು ಕಲಕುತ್ತದೆ.

ಹೊಸ ದನಿ ವೈದ್ಯರ ಕುತೂಹಲವನ್ನೂ ಕೆರಳಿಸಿತು. ಲಿಯೋನ್‌ನ ದಿದೇ ಮತ್ತು ಪೆತ್ರೆಕ್ಯಾ 1840ರಲ್ಲಿ ಇದರ ಮೇಲೆ ಪ್ರಬಂಧ ಬರೆದರು. ಸ್ವರ ಏರಿದರೂ ಧ್ವನಿಪೆಟ್ಟಿಗೆಯನ್ನು ಮೇಲೇಳಗೊಡದೆ ಕೆಳಗೇ ನಿಲ್ಲಿಸುವುದು, ಉಸಿರನ್ನು ಹೆಚ್ಚು ಒತ್ತಡದಲ್ಲಿ ಬಿಡುವುದು ಇದರ ಗುಟ್ಟು. ಗಾಯಕ ಬೇಗ ದಣಿಯುತ್ತಾನೆ ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ದ್ಯುಪ್ರೆಯ ವಿಷಯದಲ್ಲಿ ಅದು ನಿಜವೇ ಆಯಿತು. 1840ರ ದಶಕ ನಡೆಯುತ್ತಿದ್ದಂತೆ ದನಿ ಸವೆಯತೊಡಗಿತು. 1847ರಲ್ಲಿ ವೆರ್ದಿಯ ‘ಜೆರುಸಲೆಂ’ ಹಾಡಿದ, ಎರಡು ವರ್ಷದಲ್ಲಿ ಒಪೆರಾದಿಂದ ಹೊರಬಂದ. ಆಗಿನ್ನೂ ನಲವತ್ತಮೂರು ತುಂಬಿರಲಿಲ್ಲ.

ಅಷ್ಟರಲ್ಲಿ ಪಾಠ ಶುರುವಾಗಿ ಕೆಲವು ವರ್ಷಗಳೇ ಆಗಿದ್ದವು. 1842ರಿಂದ 1850ರವರೆಗೆ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಪ್ರಾಧ್ಯಾಪಕ, ನಡುವೆ ‘ಗಾಯನ ಕಲೆ’ ಎಂಬ ಪಠ್ಯ ಬರೆದ, 1853ರಲ್ಲಿ ಸ್ವಂತ ಶಾಲೆ ತೆರೆದ. ತಾರದ ‘ಸಿ’ಯ ಗುರುವಿನಿಂದ ಗಂಡೆದೆಯ ಟೆನರ್‌ಗಳ ಸಾಲೇ ಹೊರಟಿತೆಂದು ಊಹಿಸಿದರೆ ತಪ್ಪು. ಅವನ ಶಿಷ್ಯವರ್ಗದಲ್ಲಿ ಹೆಚ್ಚು ಹೆಸರಾದವರು ಹೆಂಗಸರು. ಮಗಳು ಕರೋಲಿನ್ 1854ರಲ್ಲಿ ಮೆಯರ್‌ಬೇರ್‌ನ ಹೊಸ ಒಪೆರಾಕ್ಕೆ ನಾಯಕಿಯಾದಳು. ಕೆನಡಾದ ಎಮ್ಮಾ ಅಲ್ಬಾನಿ ಕೆಲಕಾಲ ಅವನಲ್ಲಿ ಕಲಿತಳು. ಇನ್ನೊಬ್ಬ ಶಿಷ್ಯೆ ಮೀಯೋಲಾನ್-ಕಾರ್ವಾಲೊ ಗುನೋನ ‘ಫೌಸ್ಟ್’ನ ಮೊದಲ ಮಾರ್ಗರೀತ್, ಗುನೋನದೇ ‘ರೋಮಿಯೋ ಮತ್ತು ಜೂಲಿಯೆಟ್’ನ ಮೊದಲ ಜೂಲಿಯೆಟ್, ಅವಳ ಹೆಗ್ಗಳಿಕೆ ಬಲದಲ್ಲಲ್ಲ, ಹಗುರ ಕಂಠದ ನಯದಲ್ಲಿತ್ತು.

ದ್ಯುಪ್ರೆ 1896ರವರೆಗೂ ಬದುಕಿದ್ದ. ಅವನು ತೀರಿಕೊಳ್ಳುವ ಹೊತ್ತಿಗೆ ನೇಪಲ್ಸ್‌ನಲ್ಲಿ ಟೆನರ್ ಕರೂಸೊ ರಂಗಪ್ರವೇಶ ಮಾಡಿ ಒಂದೂವರೆ ವರ್ಷವಾಗಿತ್ತು.